‘ಮಾಲಿಕ್ಯುಲರ್ ಇಮೇಜಿಂಗ್’ಗೆ ‘ಅಣು ಚಿತ್ರಣ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಕ್ಯಾನ್ಸರ್ ಆಪರೇಷನ್ ಬಗ್ಗೆ ರೋಗಿಗಳ ಮನೆಯವರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಾ ‘ಮಾಲಿಕ್ಯುಲರ್ ಇಮೇಜಿಂಗ್’, ಅಂದರೆ ರೋಗದ ಜಾಗಕ್ಕೆ ಹೋಗಿ ಸೇರುವ ವಸ್ತು ಕೊಟ್ಟು ಆ ಜಾಗವನ್ನು ಪರದೆಯಲ್ಲಿ ನೋಡುವುದು, ಈ ಪದದ ಹತ್ತಿರ ಸಿಕ್ಕಿಬಿದ್ದಿದ್ದೇನೆ.

ಮೊದಲು ‘ಅಣು ಚಿತ್ರಣ’ ಎಂದೇ ಹಾಕಿದ್ದೆ. ಮೂಡಿಗೆರೆಯ ದೊಡ್ಡಮ್ಮನಿಗೆ ಓದಿ ಹೇಳಿದರೆ, ‘ಅಯ್ಯೋ, ಕೈಗಾದಲ್ಲಿ ಇರೋದು ಅಲ್ವಾ ಅದು?’ ಎಂದರು. ಅವರದ್ದೇನು ತಪ್ಪು? ಪಾಠದ ಪುಸ್ತಕದಲ್ಲಿ ಅಣು ಅಂದರೆ ಮಾಲಿಕ್ಯೂಲ್. ಪೇಪರಿನಲ್ಲಿ ಅಣುಬಾಂಬ್, ಅಣು ವಿದ್ಯುತ್. ಮೊದಲೇ ಹೆದರಿ ಕೂತವರ ಮುಂದೆ ಈ ಪದ ಇಡಲು ಮನಸ್ಸು ಬರುತ್ತಿಲ್ಲ. ಪೆಟ್ ಸ್ಕ್ಯಾನ್ ಕೂಡ ಇದೇ ಜಾತಿಯದು, ಅದರಲ್ಲಿ ವಿಕಿರಣ ಇದೆ, ನಿಜ. ನಾನು ಬರೆಯುತ್ತಿರುವುದು ಆಪರೇಷನ್ ವೇಳೆ ಗಡ್ಡೆ ಹೊಳೆಯುವಂತೆ ಮಾಡುವ ವಿಧಾನ, ಅದರಲ್ಲಿ ವಿಕಿರಣ ಇಲ್ಲ.

ಈ ವಿಧಾನದಲ್ಲಿ ಆಪರೇಷನ್‌ಗೆ ಮೊದಲು ಪಫೋಲಾಸಿಯಾನಿನ್‌ನಂಥ ಹೊಳೆಯುವ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2021ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ, 2022ರಲ್ಲಿ ಶ್ವಾಸಕೋಶದ್ದಕ್ಕೆ ಒಪ್ಪಿಗೆ ಸಿಕ್ಕಿತು. ಫೋಲೇಟ್ ಎಂಬ ಬಿ ವಿಟಮಿನ್ ಹಿಡಿದುಕೊಳ್ಳುವ ಕೊಂಡಿಗಳು ಇಂಥ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಜಾಸ್ತಿ. ಇದು ಅಲ್ಲಿ ಹೋಗಿ ಅಂಟುತ್ತದೆ. ಅದರ ಹೊಳಪು ಬರಿಗಣ್ಣಿಗೆ ಕಾಣದು, ಕ್ಯಾಮೆರಾ ಹಿಡಿದು ಪರದೆಯಲ್ಲಿ ತೋರಿಸುತ್ತದೆ. ಮಿದುಳಿನ ಗಡ್ಡೆಗೆ ಕುಡಿಸುವ 5-ಎಎಲ್‌ಎ ಎಂಬ ದ್ರಾವಣ ಬೇರೆ ಥರ. ನೀಲಿ ಬೆಳಕು ಹಾಯಿಸಿದರೆ ಗಡ್ಡೆ ಕೆಂಪಗೆ ಹೊಳೆಯುತ್ತದೆ.

ದೊಡ್ಡಮ್ಮನಿಗೆ ಅರ್ಥವಾಗಿದ್ದು ತೋಟದ ಮಾತಿನಲ್ಲಿ. ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹೊಕ್ಕ ಅರೇಬಿಕಾ ಕಾಫಿ ಗಿಡದ ಕಾಂಡದ ಮೇಲೆ ಏಣು ಎದ್ದಿರುತ್ತದೆ. ಅಂಥದ್ದನ್ನು ಹುಡುಕಿ, ಮೊದಲು ಗುರುತು ಹಾಕಿ, ಆಮೇಲೆ ಕೀಳುತ್ತಾರೆ. ಸುಮ್ನೆ ಅಂದಾಜಿನಲ್ಲಿ ಕಿತ್ತರೆ ಒಳ್ಳೇ ಗಿಡ ಹೋಗಿ ರೋಗದ್ದು ಉಳಿಯುತ್ತದೆ. ‘ಹಂಗಾದ್ರೆ ಗುರುತು ಹಾಕೋದು ಅನ್ನು’ ಎಂದರು.

ಹಾಗಾಗಿ ವಿಧಾನಕ್ಕೆ ‘ಗುರುತುಬೆಳಕು’ ಎಂದು ಯೋಚಿಸಿದ್ದೇನೆ. ‘ಪ್ರತಿದೀಪ್ತಿ’ (ಫ್ಲೂರೊಸೆನ್ಸ್) ಶಾಸ್ತ್ರಕ್ಕೆ ಸರಿ, ಮನೆಯವರಿಗೆ ಕಷ್ಟ. ‘ಮಿಂಚುಹುಳದ ಹಾಗೆ’ ಎಂದು ಬರೆಯುವ ಆಸೆಯಾಗಿತ್ತು, ಆದರೆ ಮಿಂಚುಹುಳದ್ದು ಸ್ವಂತ ಬೆಳಕು. ಇದು ಬೇರೆ ಬೆಳಕು ಬಿದ್ದರೆ ಮಾತ್ರ ಹೊಳೆಯುವುದು.

ಉಳಿದ ತೊಡಕು, ಒಳಗೆ ಕೊಡುವ ವಸ್ತುವಿಗೆ ಏನನ್ನುವುದು? ‘ಬಣ್ಣ’ ಅಂದರೆ ಕಣ್ಣಿಗೆ ಕಾಣಬೇಕಲ್ಲ. ‘ಔಷಧಿ’ ಅಂದರೆ ಇದರಿಂದಲೇ ವಾಸಿಯಾಗುತ್ತದೆ ಅಂದುಕೊಳ್ಳುತ್ತಾರೆ. ‘ಗುರುತುಮದ್ದು’ ನನಗೆ ಇಷ್ಟವಾಗಿತ್ತು. ದೊಡ್ಡಮ್ಮ ಅದಕ್ಕೂ ತಲೆಯಾಡಿಸಿದರು: ‘ಮದ್ದು ಹಾಕಿದ್ರು ಅಂದ್ರೆ ನಮ್ಮ ಕಡೆ ಅರ್ಥವೇ ಬೇರೆ ಕಣೋ.’ ಹಾಸನ, ಸಕಲೇಶಪುರ ಕಡೆಯವರು ಹೇಳಿ, ನಿಮ್ಮಲ್ಲೂ ಮದ್ದಿಗೆ ಆ ಕೆಟ್ಟ ಅರ್ಥ, ಊಟದಲ್ಲಿ ಗುಟ್ಟಾಗಿ ವಿಷ ಬೆರೆಸೋದು ಅನ್ನೋದು, ಇಷ್ಟೇ ಗಟ್ಟಿಯಾಗಿದೆಯಾ? ಬೇರೆ ಪದವಿದ್ದರೆ ಕೊಡಿ.