ದಾದಿಯ ಜಾನಮಾಜಿಗೆ ಕತ್ತರಿ ಹಾಕಬೇಡಿ

ಅಸ್ಸಲಾಮು ಅಲೈಕುಂ. ಸ್ವಲ್ಪ ಉದ್ದ ಆಗುತ್ತದೆ, ಕೊನೆವರೆಗೂ ಕೇಳಿ. ದಾದಿಯ (ಅಪ್ಪನ ತಾಯಿಯ) ಹಳೆಯ ಜಾನಮಾಜ್, ಅಂದರೆ ನಮಾಜಿನ ಹಾಸು, ಮೊಣಕಾಲು ಊರುವ ಕಡೆ ಸವೆದಿದೆ, ಚೆನ್ನಾಗಿರುವ ಕಮಾನಿನ ಭಾಗ ಕತ್ತರಿಸಿ ಫ್ರೇಮ್ ಹಾಕಿಸಿ ನಮಾಜಿಗೆ ಹೊಸದು ತರೋಣ್ವಾ ಅಂತ ತಂಗಿ ಕೇಳಿದ್ದಾಳೆ. ಬೇಡ ಕಣಮ್ಮಾ.

ಮೊದಲು ಅದನ್ನು ತಿರುಗಿಸಿ ಹಿಂಭಾಗ ನೋಡು. ಮುಂದಿರುವ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿದೆ, ಅಲ್ವಾ? ಅಲ್ಲಿ ಕಾಣುವ ಚುಕ್ಕೆಗಳೆಲ್ಲ ಕೈಯಲ್ಲಿ ಹಾಕಿದ ಗಂಟುಗಳು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎರಡು ಹಾಸುನೂಲುಗಳಿಗೆ ಉಣ್ಣೆಯ ಎಳೆ ಸುತ್ತಿ, ಅವುಗಳ ನಡುವಿನಿಂದ ತುದಿಗಳನ್ನು ಹೊರಗೆ ಎಳೆಯುತ್ತಾರೆ. ತುರ್ಕಿಯವರ ಗಂಟು ಇದು, ಅಲ್ಲಿನ ಗೊರ್ಡೆಸ್ ಊರಿನ ಹೆಸರಲ್ಲೇ ಕರೆಯುತ್ತಾರೆ. ತುದಿಯ ಕುಚ್ಚು ಕೂಡ ಆಮೇಲೆ ಹೊಲಿದದ್ದಲ್ಲ, ಹಾಸುನೂಲೇ ಹೊರಗೆ ಬಂದದ್ದು. ಕತ್ತರಿ ಹಾಕಿದರೆ ಅಂಚಿನಿಂದ ಗಂಟುಗಳು ಒಂದೊಂದಾಗಿ ಸಡಿಲವಾಗುತ್ತಾ ಹೋಗುತ್ತವೆ. ಕೆಂಪು ಒಂದು ಕಡೆ ಗಾಢ, ಒಂದು ಕಡೆ ತೆಳು ಇದೆಯಲ್ಲ, ಅದು ಮಾಸಿದ್ದೇ ಇರಬೇಕೆಂದಿಲ್ಲ. ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲು ಹಾಗೇ ಕಾಣುತ್ತದೆ. ಅಬ್ರಶ್ ಅನ್ನುತ್ತಾರೆ.

ಕಮಾನು ಮಸೀದಿಯ ಮಿಹ್ರಾಬಿನ, ಅಂದರೆ ಗೋಡೆಯಲ್ಲಿ ನಮಾಜಿನ ದಿಕ್ಕು ತೋರಿಸುವ ಗೂಡಿನ ಗುರುತು. ಅದರ ತುದಿ ಕಿಬ್ಲಾ, ಅಂದರೆ ಮೆಕ್ಕಾದ ಕಾಬಾ ಕಡೆಗೆ ಇರಬೇಕು. ಒಳಗೆ ತೂಗುವ ದೀಪ ನೋಡಿದಾಗಲೆಲ್ಲ ನನಗೆ ಕುರ್‌ಆನಿನ ‘ಅನ್ನೂರ್’ ಸೂರಃದ (ಅಧ್ಯಾಯದ) 35ನೇ ಆಯತ್ (ವಾಕ್ಯ) ನೆನಪಾಗುತ್ತದೆ. ಗೂಡು, ಗೂಡಿನೊಳಗೆ ದೀಪ, ದೀಪದ ಸುತ್ತ ಗಾಜು.

ಹಾಗಂತ ಚಿತ್ತಾರ ಇದ್ದರೇನೇ ನಮಾಜ್ ಅಂತಲ್ಲ. ಶುದ್ಧ ಜಾಗ ಸಾಕು. ನಬಿ (ಸ) ಅವರು ಖುಮ್ರಾ ಅನ್ನುವ ಸಣ್ಣ ಚಾಪೆಯ ಮೇಲೆ ನಮಾಜ್ ಮಾಡುತ್ತಿದ್ದರು ಅಂತ ಅವರ ಪತ್ನಿ ಮೈಮೂನಾ (ರ) ಹೇಳಿದ್ದು ಬುಖಾರಿ ಅನ್ನುವ ಹದೀಸ್ ಸಂಗ್ರಹದಲ್ಲಿದೆ (ಹದೀಸ್ ಅಂದರೆ ನಬಿಯವರ ನಡೆನುಡಿಯ ವರದಿ). ಇನ್ನೊಂದು ಹದೀಸ್ ಅವರ ಇನ್ನೊಬ್ಬ ಪತ್ನಿ ಆಯಿಷಾ (ರ) ಹೇಳಿದ್ದು. ಗುರುತುಗಳಿದ್ದ ಹೊದಿಕೆ ಹಾಕಿಕೊಂಡು ನಮಾಜ್ ಮಾಡಿದಾಗ ಗಮನ ಅದರ ಕಡೆ ಹೋಯಿತು ಅಂತ ನಬಿ (ಸ) ಅವರು ಅದನ್ನು ತಮ್ಮ ಸಂಗಾತಿ ಅಬೂ ಜಹ್ಮ್ ಅವರಿಗೆ ಕಳಿಸಿ, ಸಾದಾ ಹೊದಿಕೆ ತರಿಸಿಕೊಂಡರು. ನಿನಗೂ ಈ ಹೂಬಳ್ಳಿ ನೋಡಿ ಮನಸ್ಸು ಆಚೀಚೆ ಹೋಗುತ್ತದೆ ಅಂದರೆ ಸಾದಾ ಬಟ್ಟೆ ಹಾಸಿಕೋ, ಏನೂ ತಪ್ಪಿಲ್ಲ. ಆದರೆ ಸವೆದಿದೆ ಅನ್ನುವ ಕಾರಣಕ್ಕೆ ಬಿಡಬೇಡ. ಆ ಎರಡು ಗುಂಡು ಗುರುತು ದಾದಿಯ ಮೊಣಕಾಲಿನವು, ಮೇಲೆ ನಡುವೆ ನುಣುಪಾದ ಜಾಗ ಅವರ ಹಣೆಯದು. ಅಷ್ಟು ವರ್ಷ ಹಣೆ ನೆಲಕ್ಕೆ ಊರಿ ಮಾಡಿದ ಸಜ್ದಾ ಕಣ್ಣಿಗೆ ಕಾಣುವ ಹಾಗೆ ಉಳಿದಿದೆ. ಅದನ್ನು ಕತ್ತರಿಸಿ ಎಸೆದು ಬರೀ ಕಮಾನು ಗೋಡೆಗೆ ಹಾಕಿದರೆ ನನಗಂತೂ ನೋಡೋಕಾಗಲ್ಲ.

ಈಗ ಮಾಡಬೇಕಾದ್ದು ಇಷ್ಟೇ. ಹಿಂದಿನಿಂದ ತೆಳು ಹತ್ತಿ ಬಟ್ಟೆ ಕೊಟ್ಟು ಕೈಯಲ್ಲೇ ಹೊಲಿಸು, ಅಂಟು ಹಾಕಿಸಬೇಡ. ವಾಷಿಂಗ್ ಮಷೀನಿಗಂತೂ ಹಾಕಲೇಬೇಡ. ಒದ್ದೆ ಬಿಳಿ ಬಟ್ಟೆ ಒಂದು ಮೂಲೆಗೆ ಒತ್ತಿ ನೋಡು, ಕೆಂಪು ಹತ್ತಿದರೆ ನೀರೇ ಮುಟ್ಟಿಸಬೇಡ. ಮಡಚಿ ಇಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ, ಸುತ್ತಿ ಇಡು. ಉಣ್ಣೆಗೆ ಹುಳ ಬೇಗ ಬರುತ್ತದೆ, ಆಗಾಗ ಬಿಡಿಸಿ ಕೊಡವು. ಹಿಂಭಾಗದ ಫೋಟೋ ಹತ್ತಿರದಿಂದ ತೆಗೆದು ಇವತ್ತೇ ಇಲ್ಲಿ ಹಾಕು, ಎಲ್ಲೆಲ್ಲಿ ಹೊಲಿಗೆ ಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.