ಬ್ರೇಕಿನ ಸದ್ದು: ‘ಕೀಚಲು’ ಸಾಕೇ, ‘ಮಸೆತ’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಪರಿಚಯದ ಗ್ಯಾರೇಜಿನವರೊಬ್ಬರು ಗೋಡೆಗೆ ಹಾಕಲು ಒಂದು ಬೋರ್ಡ್ ಬರೆದುಕೊಡಿ ಅಂದರು. ಬ್ರೇಕ್ ಎಂಥ ಸದ್ದು ಮಾಡಿದರೆ ಏನರ್ಥ, ಇಷ್ಟೇ ವಿಷಯ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರು ಹೊರಡುವ ಮೊದಲೇ ಓದಲಿ ಅಂತ ಅವರ ಆಸೆ. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಎರಡು ದಿನದಿಂದ ಎರಡು ಪದಕ್ಕೆ ಸಿಕ್ಕಿಕೊಂಡಿದ್ದೇನೆ.

ಮೊದಲು ‘ಕರ್ಕಶ ಶಬ್ದ’ ಅಂತ ಬರೆದೆ. ಅವರು ಓದಿ, “ಯಾವ ನಮೂನೆ ಕರ್ಕಶ? ಕೀಂ ಅಂತದೋ, ಕರಕರ ಅಂತದೋ? ಎರಡಕ್ಕೂ ಬಿಲ್ ಬೇರೆ ಮಾರಾಯ್ರೆ” ಅಂದರು.

ಬಿಲ್ ಬೇರೆ ಯಾಕೆ ಅಂತ ತೋರಿಸಿಯೂ ಕೊಟ್ಟರು. ಬ್ರೇಕ್ ತುಳಿದಾಗ, ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು (ಡಿಸ್ಕ್) ಒತ್ತಿ ಹಿಡಿಯುವುದು ಪ್ಯಾಡ್. ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪ. ಅದು ಸವೆದು 2-3 ಮಿಲಿಮೀಟರ್‌ಗೆ ಬಂದಾಗ, ಅದಕ್ಕೆ ಕೂರಿಸಿದ ಸಣ್ಣ ಉಕ್ಕಿನ ನಾಲಗೆ ಡಿಸ್ಕಿಗೆ ತಾಗಿ ಕೀಂ ಅನ್ನುತ್ತದೆ. ಬೇಕಂತಲೇ ಇಟ್ಟ ಎಚ್ಚರಿಕೆ ಅದು (ಎಲ್ಲ ಕಾರಲ್ಲೂ ಇರುವುದಿಲ್ಲ). ಆಗ ಪ್ಯಾಡ್ ಬದಲಿಸಿದರೆ ಮುಗೀತು. ಕೇಳಿಯೂ ಸುಮ್ನೆ ಓಡಿಸಿದರೆ ಪ್ಯಾಡಿನ ಹಿಂದಿನ ಕಬ್ಬಿಣದ ತಗಡೇ ಡಿಸ್ಕನ್ನು ಉಜ್ಜುತ್ತದೆ. ಅದೇ ಕರಕರ. ಮೂಲೆಯಲ್ಲಿ ಅಂಥದ್ದೊಂದು ಹಳೇ ಡಿಸ್ಕ್ ಬಿದ್ದಿತ್ತು. ಮೇಲೆ ಉಗುರು ಎಳೆದರೆ ಗೆರೆಗೆರೆಗೂ ತಡೆಯುತ್ತಿತ್ತು.

ಮೊದಲನೆಯದಕ್ಕೆ ನನಗೆ ತೋಚಿದ್ದು ‘ಕೀಚಲು’. ಆದರೆ ಕೀಚಲು ದನಿ ಅಂತ ಮನುಷ್ಯರಿಗೆ ಹೇಳುತ್ತೇವೆ. ಬ್ರೇಕಿಗೆ ಹೇಳಿದರೆ ವಿಚಿತ್ರ ಅನಿಸುತ್ತದಾ? ‘ಕಿರುಗುಟ್ಟು’ ಅಂದರೆ ನನ್ನ ಕಿವಿಗೆ ಹಳೇ ಬಾಗಿಲು, ಎತ್ತಿನಗಾಡಿಯ ಗಾಲಿ. ಅಷ್ಟು ಚೂಪು ಇಲ್ಲ.

ಎರಡನೆಯದಕ್ಕೆ ‘ಮಸೆತ’ ಇಷ್ಟವಾಗಿದೆ. ಕಲ್ಲಿನ ಮೇಲೆ ಕತ್ತಿ ಮಸೆಯುವ ಸದ್ದು ಕೇಳದ ತೋಟದ ಮನೆ ನಮ್ಮ ಕಡೆ ಇಲ್ಲ. ‘ಘರ್ಷಣೆಯ ಶಬ್ದ’ ಮಾತ್ರ ಬೇಡ. ಘರ್ಷಣೆ ಇಲ್ಲದೆ ಯಾವ ಬ್ರೇಕೂ ಹಿಡಿಯುವುದಿಲ್ಲವಲ್ಲ! ತೊಡಕು ಒಂದೇ: ‘ಕತ್ತಿ ಮಸೆಯುವುದು’ ಅಂದರೆ ಹಗೆ ಸಾಧಿಸುವುದು ಅಂತಲೂ ಇದೆ. ಪ್ಯಾಡ್ ಡಿಸ್ಕಿನ ಮೇಲೆ ಮಾಡುತ್ತಿರುವುದೂ ಅದನ್ನೇ ಅನ್ನಿ.

ಇನ್ನೊಂದು ಸದ್ದಿದೆ. ಅದೇ ಜಾಸ್ತಿ ತಲೆ ತಿನ್ನುತ್ತಿರುವುದು. ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಗರ್ರ್ ಅಂದು ಆಮೇಲೆ ಸುಮ್ಮನಾಗುತ್ತದೆ. ಡಿಸ್ಕಿನ ಮೇಲೆ ತೆಳ್ಳಗೆ ಕಟ್ಟಿದ ತುಕ್ಕು ಉಜ್ಜಿ ಹೋಗುವ ಸದ್ದು ಅದು. ಕಾರವಾರದ ಉಪ್ಪುಗಾಳಿಯಲ್ಲಂತೂ ಕೇಳುವುದೇ ಬೇಡ. ಇದಕ್ಕೆ ಹೆದರಬೇಕಿಲ್ಲ. ಆದರೆ ಗರ್ರ್‌ಗೂ ಕರಕರಕ್ಕೂ ಇರುವ ವ್ಯತ್ಯಾಸ ಬೋರ್ಡ್ ಓದುವವರ ಕಿವಿಗೆ ಕೇಳಿಸುವ ಹಾಗೆ ಬರೆಯುವುದು ಹೇಗೆ? ‘ಕಟ್’, ‘ಕಟಕಟ’ದಲ್ಲಿ ಈ ತಾಪತ್ರಯ ಇಲ್ಲ. ಬ್ರೇಕ್ ತುಳಿದಾಗ ಒಮ್ಮೆ ಬರುವುದು ಕಟ್, ಚಕ್ರ ತಿರುಗಿದ ಹಾಗೆಲ್ಲ ಬರುವುದು ಕಟಕಟ. ಪದವೇ ಎಣಿಸಿ ಹೇಳುತ್ತದೆ.

ಕೀಂ, ಕರಕರ, ಗರ್ರ್: ನಿಮ್ಮೂರಿನ ಮೆಕ್ಯಾನಿಕ್‌ಗಳು ಈ ಮೂರಕ್ಕೆ ಏನನ್ನುತ್ತಾರೆ? ಅಂಕೋಲಾ, ಹೊನ್ನಾವರದವರು ಇದ್ದರೆ ದಯವಿಟ್ಟು ಹೇಳಿ. ಶನಿವಾರ ಪೇಂಟರ್ ಬರುತ್ತಾರೆ, ಅಷ್ಟರೊಳಗೆ ಬೇಕು.