ಲೆಬ್‌ಕೂಖನ್ (ಜರ್ಮನಿಯ ಜೇನು-ಮಸಾಲೆ ಬಿಸ್ಕತ್ತು) ಕಲ್ಲಾಗ್ತಿದೆ, ಜೊತೆಗೆ ಅಮೋನಿಯಾ ಘಾಟು

ಬೆಲ್ಲದಚ್ಚು:
ಮೈದಾ 500 ಗ್ರಾಂ, ಜೇನು 250, ಕಂದು ಸಕ್ಕರೆ 100, ಬೆಣ್ಣೆ 50, ಮೊಟ್ಟೆ 1, ಲೆಬ್‌ಕೂಖನ್ ಮಸಾಲೆ 15 ಗ್ರಾಂ, ಹಿರ್ಶ್‌ಹಾರ್ನ್‌ಸಾಲ್ಟ್ಸ್ (ಹಿಟ್ಟು ಉಬ್ಬಿಸುವ ಪುಡಿ) 1 ಟೀ ಚಮಚ. ಒಂದೂವರೆ ಸೆಂ.ಮೀ. ದಪ್ಪ ಲಟ್ಟಿಸಿ 180 ಡಿಗ್ರಿಯಲ್ಲಿ 18 ನಿಮಿಷ ಬೇಯಿಸಿದ್ದು. ಆರಿದ ಮೇಲೆ ಹಲ್ಲಿಗೆ ಬಗ್ಗಲ್ಲ, ಮುರಿದರೆ ಮೂಗಿಗೆ ಹೊಡೆಯುತ್ತೆ. ಇದೇ ಹಿಟ್ಟಲ್ಲಿ ಎಲೀಸನ್ (ಬೀಜಗಳೇ ಹೆಚ್ಚಿರುವ ಬಗೆ) ಮಾಡಬಹುದಾ?

ಓವನ್‌ಕಟ್ಟೆ:
ಘಾಟಿಗೆ ಕಾರಣ ದಪ್ಪ. ಹಿರ್ಶ್‌ಹಾರ್ನ್‌ಸಾಲ್ಟ್ಸ್ ಅಂದರೆ ಅಮೋನಿಯಂ ಬೈಕಾರ್ಬನೇಟ್. ಕಾದಾಗ ಇಂಗಾಲದ ಡೈಆಕ್ಸೈಡ್, ಅಮೋನಿಯಾ, ನೀರಾವಿಯಾಗಿ ಒಡೆಯುತ್ತೆ. ತೆಳು ಬಿಸ್ಕತ್ತಿನಿಂದ ಅಮೋನಿಯಾ ಪೂರ್ತಿ ಹೊರಹೋಗುತ್ತೆ, ದಪ್ಪಗಿದ್ದರೆ ಒಳಗಿನ ತೇವದಲ್ಲೇ ಕೂತುಬಿಡುತ್ತೆ. 6-7 ಮಿ.ಮೀ.ಗೆ ಇಳಿಸಿ, 10-12 ನಿಮಿಷ ಸಾಕು.

ದಪ್ಪಗೇ ಬೇಕಂದ್ರೆ ಅದರ ಬದಲು ಪಾಟ್‌ಆಶೆ, ಅಂದರೆ ಪೊಟ್ಯಾಶಿಯಂ ಕಾರ್ಬನೇಟ್, 5 ಗ್ರಾಂ. ಇದಕ್ಕೆ ಹುಳಿ ಬೇಕು. ಸ್ವಲ್ಪ ಜೇನಲ್ಲೇ ಇದೆ, ಉಳಿದದ್ದು ಹಿಟ್ಟು ಕೂತಷ್ಟೂ ಹುಟ್ಟುತ್ತೆ, ಹಾಗಾಗಿ ಕನಿಷ್ಠ ಒಂದು ರಾತ್ರಿ ಬಿಡಿ. ಜರ್ಮನಿಯ ಬೇಕರಿಯವರು ಜೇನು-ಹಿಟ್ಟು ಮಾತ್ರ ಕಲಸಿ ವಾರಗಟ್ಟಲೆ ಇಟ್ಟು, ಮೊಟ್ಟೆ, ಉಬ್ಬುಪುಡಿಯನ್ನು ಕೊನೆಗೆ ಸೇರಿಸುವುದು ಇದಕ್ಕೇ. ಪಾಟ್‌ಆಶೆಯನ್ನು ಒಂದು ಚಮಚ ನೀರಲ್ಲಿ ಕರಗಿಸಿಯೇ ಹಾಕಿ. ಜಾಸ್ತಿಯಾದ್ರೆ ಸೋಪಿನ ರುಚಿ. ಎರಡನ್ನೂ ಬಳಸುವುದಾದರೆ ಬೇರೆಬೇರೆ ಬಟ್ಟಲಲ್ಲಿ ಕರಗಿಸಿ. ಹಸಿ ಹಿಟ್ಟಿನ ರುಚಿ ನೋಡಬೇಡಿ.

ದಾಲ್ಚಿನ್ನಿ_ಚಕ್ಕೆ:
ಗಟ್ಟಿಯಾಗೋದು ತಪ್ಪಲ್ಲ, ಜೇನಿನ ಲೆಬ್‌ಕೂಖನ್ನಿನ ಜಾಯಮಾನವೇ ಅದು. ಆರಿಸಿ, ಡಬ್ಬಿಗೆ ತುಂಬಿ, ಬೇಕಿಂಗ್ ಪೇಪರಿನ ಮೇಲೆ ಒಂದು ಹೋಳು ಸೇಬು ಇಟ್ಟು ಮುಚ್ಚಿ. ಜೇನು ತೇವ ಎಳೆದುಕೊಂಡು ಕೆಲವೇ ದಿನಕ್ಕೆ ಮೆತ್ತಗಾಗುತ್ತೆ. ಹೋಳು ಎರಡು ದಿನಕ್ಕೊಮ್ಮೆ ಬದಲಿಸಿ, ಇಲ್ಲಾಂದ್ರೆ ಬೂಷ್ಟು. ಆದರೆ 18 ನಿಮಿಷ ಅತಿಯಾಯ್ತು: ಅಂಚು ಗಟ್ಟಿಯಾಗಿ ನಡುಭಾಗ ಒತ್ತಿದರೆ ಇನ್ನೂ ತಗ್ಗುವಾಗಲೇ ಹೊರಗೆ ತೆಗೀಬೇಕು. ಜೇನನ್ನೂ ಕುದಿಸಬೇಡಿ, ಸಕ್ಕರೆ ಕರಗುವಷ್ಟು ಬಿಸಿ ಸಾಕು.

ಮಸಾಲೆಯಲ್ಲಿ ಅರ್ಧದಷ್ಟು ದಾಲ್ಚಿನ್ನಿಯೇ ಇರಲಿ. ನಮ್ಮ ಕೈ ತಾನಾಗೇ ಏಲಕ್ಕಿ ಕಡೆ ಹೋಗುತ್ತೆ, ತಡೀರಿ. ಲವಂಗವೂ ಒಂದು ಗ್ರಾಂ ದಾಟಿದರೆ ಬೇರೇನೂ ಗೊತ್ತಾಗಲ್ಲ.

ಓವನ್‌ಕಟ್ಟೆ:
ಎಲೀಸನ್ ಈ ಹಿಟ್ಟಲ್ಲಿ ಆಗಲ್ಲ. ಜರ್ಮನಿಯಲ್ಲಿ ಆ ಹೆಸರಿಗೆ ಬಾದಾಮಿ, ಹೇಝಲ್‌ನಟ್, ವಾಲ್‌ನಟ್ ಸೇರಿ ಕನಿಷ್ಠ 25% ಇರಬೇಕು, ಹಿಟ್ಟು 10% ಮೀರಬಾರದು. ಮನೆಯಲ್ಲಿ ಹಿಟ್ಟೇ ಬೇಡ: 3 ಮೊಟ್ಟೆ, 180 ಗ್ರಾಂ ಸಕ್ಕರೆ ನೊರೆ ಬರುವಂತೆ ಕಡೆದು, 200 ಗ್ರಾಂ ಬಾದಾಮಿ ಪುಡಿ, 150 ಗ್ರಾಂ ಹೇಝಲ್‌ನಟ್ ಪುಡಿ, ಸಕ್ಕರೆ ಪಾಕದಲ್ಲಿ ಹಾಕಿಟ್ಟ ಕಿತ್ತಳೆ-ಮಾದಳದ ಸಿಪ್ಪೆ ಸಣ್ಣಗೆ ಹೆಚ್ಚಿದ್ದು 150 ಗ್ರಾಂ, ಮಸಾಲೆ ಸೇರಿಸಿ. 70 ಮಿ.ಮೀ. ಅಗಲದ ಒಬ್ಲಾಟೆನ್ (ತೆಳು ವೇಫರ್ ಬಿಲ್ಲೆ) ಮೇಲೆ ನಡುವೆ ಉಬ್ಬುವಂತೆ ಹರಡಿ, ಮೇಲ್ಮೈ ಒಣಗಲು ಕೆಲವು ಗಂಟೆ ಬಿಟ್ಟು 160 ಡಿಗ್ರಿಯಲ್ಲಿ 20 ನಿಮಿಷ.

ಬೆಲ್ಲದಚ್ಚು:
ಈಗಾಗಲೇ ಕಲ್ಲಾಗಿರೋದನ್ನ ಎಸೀಬೇಕಾ?

ದಾಲ್ಚಿನ್ನಿ_ಚಕ್ಕೆ:
ಘಾಟಿರೋದನ್ನ ಎಸೀರಿ. ಮುಂದೆ ಘಾಟಿಲ್ಲದೆ ಬರೀ ಗಟ್ಟಿಯಾದರೆ ಪುಡಿ ಮಾಡಿಡಿ, ಜರ್ಮನ್ನರು ಸೌವರ್‌ಬ್ರಾಟನ್ (ಹುಳಿಯಲ್ಲಿ ನೆನೆಸಿ ಬೇಯಿಸಿದ ಮಾಂಸ) ಗ್ರೇವಿ ಮಂದವಾಗಲು ಹಾಕೋದು ಲೆಬ್‌ಕೂಖನ್ ಪುಡಿಯನ್ನೇ.